ದೊಡ್ಡ ಟಯರು ಹಾಕಿಸುವ ಮೊದಲು ಹಲ್ಲು ಎಣಿಸಿರಿ



ಈ ಪತ್ರಿಕೆಯಲ್ಲಿ ಬೋರ್ಡೋ ದ್ರಾವಣ, ಕೊಳೆ ರೋಗ, ಕಾಯಿಕೊರಕ, ಗೊಬ್ಬರದ ದರ, ಕೂಲಿಯ ದರ ಇವುಗಳ ಬಗ್ಗೆ ಎಷ್ಟೋ ಲೇಖನಗಳು ಬಂದಿವೆ. ನಮ್ಮ ಬೆಳೆಯನ್ನೂ ಆಳುಗಳನ್ನೂ ಹೊತ್ತು ತಿರುಗುವ ಜೀಪಿನ ಬಗ್ಗೆ ಬಂದದ್ದು ಕಡಿಮೆ. ಎತ್ತಿಗೆ ಲಾಳ ಕಟ್ಟಿಸುವಾಗ ಗೊರಸು ನೋಡುತ್ತಿದ್ದ ನಾವು, ಜೀಪಿಗೆ ಟಯರು ಹಾಕಿಸುವಾಗ ಅಂಗಡಿಯಲ್ಲಿ ಯಾವುದು ಎತ್ತರ ಕಾಣುತ್ತದೋ ಅದಕ್ಕೆ ಕೈ ತೋರಿಸುತ್ತೇವೆ. ಇದು ತರವಲ್ಲ. ಟಯರು ದೊಡ್ಡದಾದರೆ ಅದರೊಂದಿಗೆ ಹೌಸಿಂಗಿನ ಒಳಗಿರುವ ಕ್ರೌನ್ ಪಿನಿಯನ್ನಿನ ಲೆಕ್ಕವೂ ಬದಲಾಗಬೇಕು. ಆ ಲೆಕ್ಕ ಮಾಡಲು ಮನಸ್ಸಿಲ್ಲದಿದ್ದರೆ ಕಂಪನಿ ಕೊಟ್ಟ ಅಳತೆಯ ಟಯರಿನಲ್ಲೇ ಇರಬೇಕು. ನಾನು ಇಲ್ಲಿ ವಾದಿಸಹೊರಟಿರುವುದು ಇಷ್ಟನ್ನೇ.

ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ ಈ ನಾಲ್ಕು ತಾಲ್ಲೂಕುಗಳ ಸದಸ್ಯರಿಗೆ ಈ ವಿಚಾರ ಮಿಕ್ಕವರಿಗಿಂತ ಹೆಚ್ಚು ಮುಖ್ಯ. ನಮ್ಮಲ್ಲಿ ಎರಡು ಬಗೆಯವರಿದ್ದೇವೆ. ಇಲ್ಲೇ ಕೊಳವೆ ಬಾವಿ ನಂಬಿ ಅಡಿಕೆ ಇಟ್ಟು, ಜೊತೆಗೆ ಮಾವೋ ಟೊಮ್ಯಾಟೊವೋ ಬೆಳೆಯುವವರು ಒಂದು ಬಗೆ. ಮನೆ ಇಲ್ಲಿ, ಕಾಫಿ ತೋಟ ಸಕಲೇಶಪುರದ ಕಡೆ ಎಂದು ತಿಂಗಳಿಗೆ ಎರಡು ಸಲ ಓಡಾಡುವವರು ಇನ್ನೊಂದು ಬಗೆ. ಎರಡನ್ನೂ ಕೂಡಿಸುವುದು ಒಂದೇ ರಸ್ತೆ. ಹಿಂದೆ ಬೆಂಗಳೂರಿನಿಂದ ಮೂಡಲಿಗೆ 4, ಪಡುವಲಿಗೆ 48 ಎಂದು ಎರಡು ನಂಬರು ಇದ್ದದ್ದು ಈಗ ಒಂದೇ 75ನೇ ರಾಷ್ಟ್ರೀಯ ಹೆದ್ದಾರಿಯಾಗಿ ಬಂಟ್ವಾಳದಿಂದ ಶಿರಾಡಿ ಘಾಟಿ ಹತ್ತಿ, ಸಕಲೇಶಪುರ, ಹಾಸನ, ಬೆಂಗಳೂರು ದಾಟಿ ಕೋಲಾರ, ಮುಳಬಾಗಿಲಿಗೆ ಬರುತ್ತದೆ. ನಮ್ಮ ಜೀಪು ಬೆಳಗ್ಗೆ ಮಟ್ಟಸವಾದ ಹೆದ್ದಾರಿಯಲ್ಲಿ ಲಾರಿಗಳ ನಡುವೆ ಓಡಬೇಕು, ಸಂಜೆ ತೋಟದ ಜಾರುವ ಏರಿನಲ್ಲಿ ಮೂಟೆ ಹೊತ್ತು ಹತ್ತಬೇಕು. ಗುಡ್ಡದಲ್ಲೇ ಇರುವ ಜೀಪಿಗೆ ಹೊಂದುವ ಹಲ್ಲು ಹೆದ್ದಾರಿಯಲ್ಲಿ ಎಂಜಿನನ್ನು ಅರಚಿಸುತ್ತದೆ. ಹೆದ್ದಾರಿಗೆ ಹೊಂದುವ ಹಲ್ಲು ಗುಡ್ಡದಲ್ಲಿ ಕ್ಲಚ್ ಪ್ಲೇಟನ್ನು ಸುಡುತ್ತದೆ. ಆದ್ದರಿಂದ ಅಂದಾಜಿನ ಮಾತು ನಮಗೆ ಸಾಲದು.

ಮೊದಲು ಮೂಲ ವಿಷಯ. ಎಂಜಿನಿನ ತಿರುಗು ಗೇರ್ ಬಾಕ್ಸ್ ದಾಟಿ, ಪ್ರೊಪೆಲ್ಲರ್ ಶಾಫ್ಟಿನ ಮೂಲಕ ಹೌಸಿಂಗಿಗೆ ಬರುತ್ತದೆ. ಅಲ್ಲಿ ಚಿಕ್ಕ ಪಿನಿಯನ್ನು ದೊಡ್ಡ ಕ್ರೌನ್ ಚಕ್ರವನ್ನು ತಿರುಗಿಸುತ್ತದೆ. ಪಿನಿಯನ್ನಿಗೆ 8 ಹಲ್ಲು, ಕ್ರೌನಿಗೆ 39 ಹಲ್ಲು ಇದ್ದರೆ ಶಾಫ್ಟು 4.88 ಸುತ್ತು ತಿರುಗಿದಾಗ ಚಕ್ರ ಒಂದು ಸುತ್ತು ತಿರುಗುತ್ತದೆ. ಎರಡನೇ ಮಹಾಯುದ್ಧದ ಕಾಲದ ವಿಲ್ಲಿಸ್ ಜೀಪಿಗೆ ಇದ್ದದ್ದು ಈ ಲೆಕ್ಕ. ಯುದ್ಧ ಮುಗಿದ ಮೇಲೆ ರೈತರಿಗೂ ಜನಸಾಮಾನ್ಯರಿಗೂ ಎಂದು ತಯಾರಾದ ಸಿಜೆ ಮಾದರಿಗಳಿಗೆ ಕ್ರೌನಿನ ಹಲ್ಲನ್ನು 43ಕ್ಕೆ ಏರಿಸಿದರು; ಅಲ್ಲಿಗೆ ಅನುಪಾತ 5.38 ಆಯಿತು. ನಮ್ಮ ದೇಶದಲ್ಲಿ ಮಹೀಂದ್ರ ಕಂಪನಿ ಬಹುಕಾಲ ತಯಾರಿಸಿದ ಸಿಜೆ-3ಬಿ ಇದೇ ವಂಶದ್ದು. ಸೈನಿಕನಿಗೆ ವೇಗ ಬೇಕಿತ್ತು, ರೈತನಿಗೆ ಎಳೆತ ಬೇಕಿತ್ತು. ನಾಲ್ಕು ಹಲ್ಲಿನ ವ್ಯತ್ಯಾಸದಲ್ಲಿ ಆ ಎರಡು ಬಾಳುವೆಗಳ ವ್ಯತ್ಯಾಸ ಅಡಗಿದೆ. ಅನುಪಾತದ ಅಂಕಿ ದೊಡ್ಡದಾದಷ್ಟೂ ಎಳೆತ ಹೆಚ್ಚು, ಓಟ ಕಡಿಮೆ ಎಂಬುದನ್ನು ನೆನಪಿಡಿ. ಮೆಕ್ಯಾನಿಕರು ಇದನ್ನು 'ಲೋ' ಎನ್ನುವುದರಿಂದ ಎಷ್ಟೋ ಮಂದಿ ತಿರುಗುಮುರುಗಾಗಿ ತಿಳಿಯುತ್ತಾರೆ.

ಇನ್ನು ಟಯರು. ಹಳೆಯ ಜೀಪಿನ 6.00-16 ಟಯರಿನ ವ್ಯಾಸ ಸುಮಾರು 72 ಸೆಂಟಿಮೀಟರು. ಈಗ ಹಲವರು ಆಸೆಪಟ್ಟು ಹಾಕಿಸುವ 7.50-16 ಟಯರು ಸುಮಾರು 80 ಸೆಂಟಿಮೀಟರು. 80ನ್ನು 72ರಿಂದ ಭಾಗಿಸಿದರೆ 1.11 ಬರುತ್ತದೆ. ಅಂದರೆ ಚಕ್ರದ ಪ್ರತಿ ಸುತ್ತಿಗೂ ಜೀಪು ನೂರಕ್ಕೆ ಹನ್ನೊಂದರಷ್ಟು ಹೆಚ್ಚು ದೂರ ಹೋಗುತ್ತದೆ, ನೆಲಕ್ಕೆ ಮುಟ್ಟುವ ಎಳೆತ ನೂರಕ್ಕೆ ಹತ್ತರಷ್ಟು ಇಳಿಯುತ್ತದೆ. ಯಾರೂ ಹೌಸಿಂಗ್ ಬಿಚ್ಚದೆಯೇ 4.88ರ ಜೀಪು 4.39ರ ಜೀಪಾಗಿಬಿಡುತ್ತದೆ. ಹಿಂದೆ ಎರಡನೇ ಗೇರಿನಲ್ಲಿ ಹತ್ತುತ್ತಿದ್ದ ಏರಿಗೆ ಈಗ ಒಂದನೇ ಗೇರು ಬೇಕು. ಸಿಜೆ ಜೀಪಿನ ಮೂರು ಗೇರಿನ ಬಾಕ್ಸಿನಲ್ಲಿ ಒಂದನೆಯದು 2.80, ಎರಡನೆಯದು 1.55; ನಡುವೆ ಮೆಟ್ಟಿಲೇ ಇಲ್ಲ. 'ಒಂದು ಗೇರು ಕೆಳಗೆ ಹಾಕಿದರಾಯಿತು' ಎನ್ನುವವರಿಗೆ ಇದೇ ಉತ್ತರ. ಆ ಕಂದಕದಲ್ಲಿ ನವೆಯುವುದು ಕ್ಲಚ್ಚು.

ಇದನ್ನು ಸರಿಪಡಿಸುವ ಸೂತ್ರ ಬಹಳ ಸುಲಭ. ಹೊಸ ಟಯರಿನ ವ್ಯಾಸವನ್ನು ಹಳೆಯದರಿಂದ ಭಾಗಿಸಿ, ಬಂದದ್ದನ್ನು ಈಗಿರುವ ಅನುಪಾತದಿಂದ ಗುಣಿಸಿರಿ. 4.88 ಇದ್ದವರಿಗೆ 5.42 ಬರುತ್ತದೆ, ಅದಕ್ಕೆ ಹತ್ತಿರದ್ದು 5.38. ಹೆಚ್ಚುಕಡಿಮೆ ಅಚ್ಚೊತ್ತಿದಂತೆ ಹೊಂದಿತು. 4.27 ಇದ್ದವರಿಗೆ 4.74 ಬರುತ್ತದೆ, 4.88 ಹಾಕಿದರೆ ಮೊದಲಿಗಿಂತ ಸ್ವಲ್ಪ ಎಳೆತವೇ ಹೆಚ್ಚು. 5.38 ಇದ್ದವರಿಗೆ ಮಾತ್ರ 5.98 ಬರುತ್ತದೆ. ಅದನ್ನು ಹುಡುಕಿಕೊಂಡು ಊರೂರು ತಿರುಗುವ ಬದಲು ದೊಡ್ಡ ಟಯರಿನ ಆಸೆಯನ್ನೇ ಬಿಡುವುದು ಮೇಲು.

ಹೆದ್ದಾರಿಯ ಲೆಕ್ಕವನ್ನೂ ನೋಡೋಣ. ಟಾಪ್ ಗೇರಿನಲ್ಲಿ ಗಂಟೆಗೆ 60 ಕಿಲೋಮೀಟರು ಹೋಗುವಾಗ, 72 ಸೆಂ.ಮೀ. ಟಯರು ಮತ್ತು 4.88 ಇದ್ದರೆ ಎಂಜಿನು ನಿಮಿಷಕ್ಕೆ ಸುಮಾರು 2,160 ಸುತ್ತು ತಿರುಗುತ್ತದೆ. ಹಲ್ಲು ಬದಲಿಸದೆ 80 ಸೆಂ.ಮೀ. ಟಯರು ಹಾಕಿದರೆ 1,940. ಹಲ್ಲನ್ನೂ 5.38ಕ್ಕೆ ಬದಲಿಸಿದರೆ 2,140. ಅಂದರೆ ಮೊದಲಿದ್ದ ಸ್ಥಿತಿಗೇ ಮರಳಿತು. ಆದರೆ ಸಣ್ಣ ಟಯರಿನಲ್ಲೇ 5.38 ಹಾಕಿಸಿದವರಿಗೆ 2,380 ಆಗುತ್ತದೆ, 80 ಕಿಲೋಮೀಟರು ವೇಗದಲ್ಲಿ 3,000 ದಾಟುತ್ತದೆ. ಮುಳಬಾಗಿಲಿನಿಂದ ಹಾಸನದವರೆಗೆ ಹೀಗೆ ಓಡಿಸಿದರೆ ಹಳೆಯ ಡೀಸೆಲ್ ಎಂಜಿನಿನ ಆಯುಸ್ಸು ಎಷ್ಟು ಉಳಿದೀತು?

1,940 ಸುತ್ತಿನಲ್ಲಿ ಡೀಸೆಲ್ ಉಳಿಯುವುದಲ್ಲ ಎಂದು ಕೆಲವರು ಕೇಳುತ್ತಾರೆ. ಮಟ್ಟಸವಾದ ರಸ್ತೆಯಲ್ಲಿ, ಖಾಲಿ ಜೀಪಿನಲ್ಲಿ, ಆ ಮಾತಿನಲ್ಲಿ ಸ್ವಲ್ಪ ಹುರುಳಿದೆ. ಆದರೆ ದೊಡ್ಡ ಟಯರು ತೂಕವೂ ಹೆಚ್ಚು, ಉರುಳುವಾಗ ಎಂಜಿನಿನ ಶಕ್ತಿಯನ್ನು ಹೆಚ್ಚು ತಿನ್ನುವುದೂ ಉಂಟು. ಶ್ರೀನಿವಾಸಪುರದಿಂದ ಮಾವಿನ ಲೋಡು, ಕೋಲಾರದ ಮಾರುಕಟ್ಟೆಗೆ ಟೊಮ್ಯಾಟೊ ಬಾಕ್ಸು ಹೊತ್ತು ಹೊರಟಾಗ ಎಂಜಿನು ಮುಕ್ಕರಿಯತೊಡಗುತ್ತದೆ, ಕಾಲು ಆಕ್ಸಿಲರೇಟರಿನ ಮೇಲೆ ಒತ್ತಿಕೊಂಡೇ ಇರುತ್ತದೆ. ಉಳಿಯಿತು ಎಂದುಕೊಂಡದ್ದು ಆ ದಾರಿಯಲ್ಲೇ ಹೋಗುತ್ತದೆ.

ನಮ್ಮ ಜನ ಟಯರಿನ ವಿಚಾರ ಬಂದಾಗಲೆಲ್ಲ ಏರಿನ ಮಾತನ್ನೇ ಆಡುತ್ತಾರೆ. ನನ್ನ ದೃಷ್ಟಿಯಲ್ಲಿ ಅದಕ್ಕಿಂತ ದೊಡ್ಡದು ಇಳಿಜಾರಿನ ಮಾತು. ಏರು ಹತ್ತದ ಜೀಪು ನಿಲ್ಲುತ್ತದೆ. ಕಲ್ಲು ಕೊಟ್ಟು, ಮೂಟೆ ಇಳಿಸಿ ಮತ್ತೆ ಹತ್ತಿಸಬಹುದು. ಇಳಿಜಾರಿನಲ್ಲಿ ಹಿಡಿತ ತಪ್ಪಿದ ಜೀಪು ನಿಲ್ಲುವುದು ನಮ್ಮ ಇಚ್ಛೆಯ ಜಾಗದಲ್ಲಲ್ಲ. ಗುಡ್ಡ ಇಳಿಯುವಾಗ ನಮ್ಮನ್ನು ಕಾಯುವುದು ಎಂಜಿನಿನ ತಡೆ. ಸಿಜೆ ಜೀಪಿನಲ್ಲಿ ಲೋ ರೇಂಜು, ಒಂದನೇ ಗೇರು, 5.38ರ ಹೌಸಿಂಗು ಎಲ್ಲ ಸೇರಿ ಒಟ್ಟು 37 ಪಟ್ಟು ಆಗುತ್ತದೆ. ಎಂಜಿನು 1,500 ಸುತ್ತಿನಲ್ಲಿದ್ದಾಗ 72 ಸೆಂ.ಮೀ. ಟಯರಿನ ಜೀಪು ಗಂಟೆಗೆ 5.5 ಕಿಲೋಮೀಟರಿನಂತೆ ಇಳಿದರೆ, 80 ಸೆಂ.ಮೀ. ಟಯರಿನದು 6.1ರಂತೆ ಇಳಿಯುತ್ತದೆ. ಅಂಕಿ ಸಣ್ಣದು ಎನ್ನಬೇಡಿ. ವೇಗ ಏರಿದ್ದಲ್ಲದೆ ಎಂಜಿನು ಹಿಂದಕ್ಕೆ ಹಿಡಿಯುವ ಬಲವೂ ಹತ್ತನೇ ಒಂದು ಪಾಲು ಇಳಿದಿರುತ್ತದೆ. ಆ ಕೊರತೆಯನ್ನು ತುಂಬಬೇಕಾದದ್ದು ಕಾಲಿನ ಬ್ರೇಕು.

ಈಗ ಆ ಬ್ರೇಕಿನ ಸ್ಥಿತಿ ನೋಡಿ. ಬ್ರೇಕ್ ಡ್ರಮ್ಮು ಹಳೆಯದೇ, ಆದರೆ ಚಕ್ರದ ಅಂಚು ನಡುವಿನಿಂದ ಇನ್ನೂ ದೂರ ಹೋಗಿದೆ. ಅದೇ ಒತ್ತಡಕ್ಕೆ ನೆಲದಲ್ಲಿ ಸಿಗುವ ಹಿಡಿತ ಹತ್ತನೇ ಒಂದು ಪಾಲು ಕಡಿಮೆ. ಕ್ರೌನ್ ಪಿನಿಯನ್ನು ಬದಲಿಸಿದರೆ ಎಂಜಿನಿನ ತಡೆ ಮರಳುತ್ತದೆ, ಬ್ರೇಕಿನ ಹಿಡಿತ ಮರಳುವುದಿಲ್ಲ. ಬ್ರೇಕು ಕೂತಿರುವುದು ಪಿನಿಯನ್ನಿನ ಆಚೆ, ಚಕ್ರದಲ್ಲೇ. ಹಲ್ಲು ಬದಲಿಸಿದೆ, ಎಲ್ಲ ಸರಿಹೋಯಿತು ಎಂದು ನೆಮ್ಮದಿಯಾಗಿ ಕೂರುವವರು ಈ ಒಂದು ಮಾತನ್ನು ದಯವಿಟ್ಟು ಎರಡು ಸಲ ಓದಬೇಕು. ಕೊಯ್ಲಿನ ಕಾಲದಲ್ಲಿ ನಮ್ಮ ಜೀಪಿನ ಹಿಂದೆ ಕೂರುವವರು ಯಾರು? ಹೆಣ್ಣಾಳುಗಳು, ಅವರ ಮಡಿಲಲ್ಲಿ ಕೂಸುಗಳು. ಟಯರು ಆರಿಸಿದವರು ಅವರಲ್ಲ, ಅನುಪಾತ ಕೇಳಿದವರೂ ಅಲ್ಲ. ಅವರ ಜೀವದ ಹೊಣೆ ಮಾಲೀಕರಾದ ನಮ್ಮದು.

ಇನ್ನೊಂದು ದುರಭ್ಯಾಸವನ್ನು ಖಂಡಿಸಲೇಬೇಕು. ಖರ್ಚು ಉಳಿಸಲೆಂದು ಹಿಂದಿನ ಹೌಸಿಂಗಿನ ಹಲ್ಲು ಮಾತ್ರ ಬದಲಿಸಿ, ಮುಂದಿನದನ್ನು ಹಾಗೆಯೇ ಬಿಡುವುದು. 'ಫೋರ್ ವೀಲ್ ಹಾಕುವುದೇ ಅಪರೂಪ' ಎಂಬ ಸಮಾಧಾನ ಬೇರೆ. ಲೆಕ್ಕ ಹಾಕಿ. 80 ಸೆಂ.ಮೀ. ಟಯರಿನ ಜೀಪು ನೂರು ಮೀಟರು ಹೋದರೆ ಹಿಂದಿನ ಶಾಫ್ಟು 5.38ರ ಪ್ರಕಾರ 214 ಸುತ್ತು ತಿರುಗಬೇಕು, ಮುಂದಿನದು 4.88ರ ಪ್ರಕಾರ 194. ಇಪ್ಪತ್ತು ಸುತ್ತಿನ ಜಗಳ! ಹಳೆಯ ಜೀಪಿನಲ್ಲಿ ಫೋರ್ ವೀಲ್ ಹಾಕಿದಾಗ ಎರಡು ಶಾಫ್ಟುಗಳೂ ಒಂದಕ್ಕೊಂದು ಬಿಗಿದುಕೊಂಡಿರುತ್ತವೆ. ಕೆಸರಿನಲ್ಲಿ ಟಯರು ಜಾರಿ ಜಗಳ ತೀರಬಹುದು. ಗಟ್ಟಿ ನೆಲದಲ್ಲಿ ಕ್ರಾಸೋ, ಆಕ್ಸಲ್ ಶಾಫ್ಟೋ, ಟ್ರಾನ್ಸ್‌ಫರ್ ಕೇಸಿನ ಹಲ್ಲೋ ಮುರಿದೇ ತೀರಬೇಕು. ಫೋರ್ ವೀಲ್ ಅಪರೂಪಕ್ಕೆ ಹಾಕುವುದು ನಿಜ, ಆದರೆ ಹಾಕುವುದು ಕಷ್ಟದ ಜಾಗದಲ್ಲಿ. ಮುರಿಯುವುದೂ ಅಲ್ಲೇ.

ಟ್ರಾಕ್ಟರು ಇಟ್ಟುಕೊಂಡವರಿಗೂ ಇದು ಅನ್ವಯಿಸುತ್ತದೆ. ನಾಲ್ಕು ಚಕ್ರವೂ ಎಳೆಯುವ ಟ್ರಾಕ್ಟರಿನಲ್ಲಿ ಮುಂದಿನ ಚಕ್ರ ಹಿಂದಿನದಕ್ಕಿಂತ ಒಂದಿಷ್ಟು ಮುಂಚೂಣಿಯಲ್ಲಿ ತಿರುಗುವಂತೆ ತಯಾರಕರು ಲೆಕ್ಕ ಕೂಡಿಸಿರುತ್ತಾರೆ. ಹಿಂದೆ ಮಾತ್ರ ದೊಡ್ಡ ಟಯರು ಹಾಕಿದರೆ ಆ ಲೆಕ್ಕ ಕೆಡುತ್ತದೆ, ಮುಂದಿನ ಚಕ್ರ ಎಳೆಯುವ ಬದಲು ತಡೆಯತೊಡಗುತ್ತದೆ.

ಹಾಗಾದರೆ ನಮ್ಮ ಜೀಪಿನ ಅನುಪಾತ ಎಷ್ಟೆಂದು ತಿಳಿಯುವುದು ಹೇಗೆ? ಮಾದರಿಯ ಹೆಸರನ್ನು ನಂಬಬೇಡಿ. ಒಂದೇ ಹೆಸರಿನ ಜೀಪು ಬೇರೆ ಬೇರೆ ಹಲ್ಲಿನೊಂದಿಗೆ ಸಿಗುತ್ತದೆ. ಕೈಯಿಂದ ಕೈಗೆ ದಾಟಿದ ಜೀಪಿನಲ್ಲಿ ಯಾರು ಯಾವ ಹೌಸಿಂಗ್ ಕೂರಿಸಿದ್ದಾರೋ ಹೇಳಲಾಗದು. ಎಣಿಸುವುದೇ ಸರಿ. ಮಟ್ಟಸವಾದ ಜಾಗದಲ್ಲಿ ನಿಲ್ಲಿಸಿ, ಮುಂದಿನ ಚಕ್ರಗಳಿಗೆ ಎರಡೂ ಕಡೆ ಕಲ್ಲು ಕೊಡಿ. ಹಳೆಯ ಜೀಪಿನ ಹ್ಯಾಂಡ್ ಬ್ರೇಕು ಹಿಡಿಯುವುದು ಶಾಫ್ಟನ್ನು, ಚಕ್ರವನ್ನಲ್ಲ. ಹಿಂದಿನ ಒಂದು ಚಕ್ರ ಮೇಲೆದ್ದರೆ ಅದರ ಹಿಡಿತ ಇದ್ದೂ ಇಲ್ಲ. ಆದ್ದರಿಂದ ಕಲ್ಲು ಕೊಡುವುದನ್ನು ಮರೆಯಬಾರದು. ಹಿಂದಿನ ಎರಡು ಚಕ್ರಗಳನ್ನೂ ಎತ್ತಿ, ಗಟ್ಟಿ ಆಸರೆ ಕೊಟ್ಟು, ಗೇರು ನ್ಯೂಟ್ರಲಿಗೆ ತಂದು ಹ್ಯಾಂಡ್ ಬ್ರೇಕು ಬಿಡಿ. ಶಾಫ್ಟಿಗೂ ಚಕ್ರಕ್ಕೂ ಸುಣ್ಣದ ಗುರುತು ಹಾಕಿ, ಎರಡು ಚಕ್ರಗಳನ್ನೂ ಒಟ್ಟಿಗೆ ಒಂದು ಸುತ್ತು ತಿರುಗಿಸಿ. ಶಾಫ್ಟು ಐದಕ್ಕೆ ಸ್ವಲ್ಪ ಕಡಿಮೆ ತಿರುಗಿದರೆ 4.88, ಐದೂ ಕಾಲಿಗಿಂತ ತುಸು ಹೆಚ್ಚು ತಿರುಗಿದರೆ 5.38. ಹತ್ತು ಸುತ್ತು ತಿರುಗಿಸಿ ಎಣಿಸಿದರೆ ಅನುಮಾನವೇ ಉಳಿಯುವುದಿಲ್ಲ.

ಟಯರನ್ನೂ ಪುಸ್ತಕ ನೋಡಿ ಅಳೆಯಬೇಡಿ. ಎಂದಿನ ಗಾಳಿ, ಎಂದಿನ ಲೋಡು ಇಟ್ಟು, ಟಯರಿನ ಕೆಳಗೂ ನೆಲಕ್ಕೂ ಗುರುತು ಹಾಕಿ, ಚಕ್ರ ಒಂದು ಪೂರ್ತಿ ಸುತ್ತು ಬರುವಂತೆ ಜೀಪನ್ನು ತಳ್ಳಿ, ನೆಲದ ದೂರವನ್ನು ಟೇಪಿನಿಂದ ಅಳೆಯಿರಿ. ಹಳೆಯ ಟಯರಿನ ದೂರ, ಹೊಸದರ ದೂರ ಎರಡೂ ಸಿಕ್ಕರೆ ವ್ಯಾಸದ ಬದಲು ಅವನ್ನೇ ಭಾಗಿಸಬಹುದು. ಹೊಸ ಟಯರು ಕೊಳ್ಳುವ ಮೊದಲೇ ಅದೇ ಅಳತೆಯ ಟಯರು ಇರುವ ನೆರೆಯವರ ಜೀಪಿನಲ್ಲಿ ಇದನ್ನು ಮಾಡಿ ನೋಡಬಹುದು.

ನನ್ನ ಅಭಿಪ್ರಾಯದಲ್ಲಿ ವ್ಯತ್ಯಾಸ ನೂರಕ್ಕೆ ಐದರ ಒಳಗಿದ್ದರೆ ಹಲ್ಲಿನ ತಂಟೆಗೆ ಹೋಗಬೇಕಾಗಿಲ್ಲ. ಹತ್ತನ್ನು ಮುಟ್ಟಿದರೆ ಮುಂದೆ ಹಿಂದೆ ಎರಡೂ ಬದಲಿಸಬೇಕು, ಇಲ್ಲವೇ ಆ ಟಯರನ್ನು ಬಿಡಬೇಕು. ನಡುವಿನವರು ತಮ್ಮ ದಾರಿ ನೋಡಿಕೊಂಡು ತೀರ್ಮಾನಿಸಬೇಕು. ಇಲ್ಲಿನ ಬಯಲಿನಲ್ಲೇ ಓಡಾಡುವವರು ಸ್ವಲ್ಪ ಕೊರತೆಯನ್ನು ಸಹಿಸಬಹುದು. ಸಕಲೇಶಪುರಕ್ಕೂ ಮುಳಬಾಗಿಲಿಗೂ ಓಡಾಡುವವರು ಮೊದಲಿದ್ದ ಸ್ಥಿತಿಗೆ ಸರಿಯಾಗಿ ಮರಳಿಸಬೇಕು, ಅದಕ್ಕಿಂತ 'ಲೋ' ಮಾಡಬಾರದು. ತೋಟದಲ್ಲೇ ಇರುವ ಜೀಪಿಗೆ ಒಂದು ಮೆಟ್ಟಿಲು ಹೆಚ್ಚು ಎಳೆತ ಇರಲಿ.

ಹಲ್ಲು ಬದಲಿಸುವ ಕೆಲಸವೂ ಬೀದಿ ಬದಿಯಲ್ಲಿ ಅರ್ಧ ದಿನದಲ್ಲಿ ಮುಗಿಸುವಂಥದಲ್ಲ. ಕ್ರೌನೂ ಪಿನಿಯನ್ನೂ ಜೋಡಿಯಾಗಿಯೇ ಬರಬೇಕು; ಒಂದು ಹಳೆಯದು, ಒಂದು ಹೊಸದು ಎಂದು ಕೂಡಿಸಬಾರದು. ಶಿಮ್ಮುಗಳನ್ನು ಲೆಕ್ಕವಾಗಿ ಇಟ್ಟು, ಹಲ್ಲುಗಳ ನಡುವಿನ ಸಡಿಲನ್ನು ಡಯಲ್ ಗೇಜಿನಲ್ಲಿ ನೋಡಿ, ಬಣ್ಣ ಹಚ್ಚಿ ತಿರುಗಿಸಿ ಹಲ್ಲಿಗೆ ಹಲ್ಲು ಎಲ್ಲಿ ಕೂರುತ್ತದೆಂದು ಪರೀಕ್ಷಿಸಬೇಕು. 'ಕಿವಿಗೆ ಸದ್ದು ಬರದಿದ್ದರೆ ಸರಿ' ಎನ್ನುವ ಮೆಕ್ಯಾನಿಕನಿಂದ ಈ ಕೆಲಸ ಮಾಡಿಸಬೇಡಿ. ಮೊದಲ ಕೆಲವು ನೂರು ಕಿಲೋಮೀಟರು ಭಾರವಿಲ್ಲದೆ ಓಡಿಸಿ, ಗೇರ್ ಎಣ್ಣೆ ಬದಲಿಸಬೇಕು. ಪಿನಿಯನ್ನಿನ ಹಲ್ಲು ಕಡಿಮೆಯಾದಷ್ಟೂ ಅದು ಚಿಕ್ಕದಾಗುತ್ತದೆ, ಬಲವೂ ತಗ್ಗುತ್ತದೆ ಎಂಬುದು ಮನಸ್ಸಿನಲ್ಲಿರಲಿ. ನಮ್ಮ ಜಿಲ್ಲೆಯವರಿಗೆ ಬಿ.ಇ.ಎಂ.ಎಲ್. ಪರಿಚಿತ ಹೆಸರು, 1964ರಲ್ಲಿ ಸ್ಥಾಪನೆಯಾದ ಆ ಸಂಸ್ಥೆಯ ಕಾರ್ಖಾನೆ ಕೆ.ಜಿ.ಎಫ್‌ನಲ್ಲಿ ಬುಲ್ಡೋಜರುಗಳನ್ನು ತಯಾರಿಸುತ್ತದೆ. ಅಂಥ ಯಂತ್ರಗಳಲ್ಲಿ ಭಾರವೆಲ್ಲ ನಡುವಿನ ಒಂದು ಪಿನಿಯನ್ನಿನ ಮೇಲೆ ಬೀಳದಂತೆ ಕೊನೆಯ ಹಲ್ಲುಚಕ್ರಗಳನ್ನು ಎರಡು ತುದಿಗಳಲ್ಲೂ ಇಟ್ಟಿರುತ್ತಾರೆ. ನಮ್ಮ ಬಡ ಜೀಪಿಗೆ ಆ ಭಾಗ್ಯವಿಲ್ಲ. ಇರುವ ಒಂದೇ ಪಿನಿಯನ್ನನ್ನು ಜೋಪಾನ ಮಾಡಬೇಕು.

ಕಾನೂನಿನ ಮಾತೂ ಇದೆ. 1988ರ ಮೋಟಾರು ವಾಹನ ಕಾಯಿದೆಯ 52ನೇ ಕಲಮು ವಾಹನದ ಮಾರ್ಪಾಡನ್ನು ನಿರ್ಬಂಧಿಸುತ್ತದೆ. ತಯಾರಕರು ಮೂಲದಲ್ಲಿ ನಮೂದಿಸಿದ ವಿವರಗಳಿಗೆ ವ್ಯತ್ಯಾಸವಾಗುವಂತೆ ಬದಲಿಸಬಾರದೆಂದು ಸುಪ್ರೀಂ ಕೋರ್ಟು 2019ರ ಜನವರಿಯಲ್ಲಿ ಹೇಳಿದೆ. ಆದ್ದರಿಂದ ನಿಮ್ಮ ಮಾದರಿಗೆ ಯಾವ ಯಾವ ಟಯರಿಗೆ ಒಪ್ಪಿಗೆಯಿದೆ ಎಂಬುದನ್ನು ಮೊದಲು ವಿಚಾರಿಸಿ. ಅಪಘಾತವಾದ ಮೇಲೆ ವಿಮೆಯವರು ಕೇಳುವ ಪ್ರಶ್ನೆಯನ್ನು ಅಂಗಡಿಯ ಬಾಗಿಲಲ್ಲೇ ಕೇಳಿಕೊಳ್ಳುವುದು ಜಾಣತನ. ಈಚಿನ ಹೊಸ ಜೀಪುಗಳಲ್ಲಿ ಬ್ರೇಕಿನ ಹಿಡಿತವನ್ನು ಎಲೆಕ್ಟ್ರಾನಿಕ್ ಯಂತ್ರ ಚಕ್ರದ ತಿರುಗಿನಿಂದ ಲೆಕ್ಕ ಹಾಕುತ್ತದೆ. ಅಲ್ಲಿ ಈ ಪ್ರಯೋಗಗಳಿಗೆ ಕೈ ಹಾಕದಿರುವುದೇ ಲೇಸು.

ದೊಡ್ಡ ಟಯರಿನಿಂದ ಲಾಭವೇ ಇಲ್ಲವೆ? ಇದೆ. ಮಾಲೂರಿನ ಕೆರೆಯಂಗಳದ ಹಾದಿಯಲ್ಲಿ, ಆವಣಿ ಬೆಟ್ಟದ ಸುತ್ತಿನ ಬಂಡೆಯ ಜಾಡಿನಲ್ಲಿ ಹೌಸಿಂಗು ತಗಲದೆ ಪಾರಾಗಬಹುದು. ಆದರೆ ವ್ಯಾಸ ಎಂಟು ಸೆಂಟಿಮೀಟರು ಹೆಚ್ಚಿದರೆ ಹೌಸಿಂಗು ನೆಲದಿಂದ ಏಳುವುದು ನಾಲ್ಕೇ ಸೆಂಟಿಮೀಟರು. ಈ ನಾಲ್ಕು ಬೆರಳಿಗೂ ಸಾಲದ ಎತ್ತರಕ್ಕೆ ಎರಡು ಜೋಡಿ ಕ್ರೌನ್ ಪಿನಿಯನ್ನು, ಕೂಲಿ, ಬ್ರೇಕಿನ ಕೆಲಸ ಇಷ್ಟೂ ಬೇಕು. ಒಳ್ಳೆ ಗೆರೆಯ ಟಯರನ್ನು ಮೂಲ ಅಳತೆಯಲ್ಲೇ ಹಾಕಿ, ಮಳೆಗಾಲಕ್ಕೆ ಸರಪಳಿ ಇಟ್ಟುಕೊಂಡು, ದಾರಿಯ ಕೊರಕಲಿಗೆ ನಾಲ್ಕು ಬುಟ್ಟಿ ಕಲ್ಲು ಸುರಿದರೆ ಎಷ್ಟೋ ಮಂದಿಗೆ ಅದೇ ಸಾಕು.

ಸಂಘ ಏನು ಮಾಡಬಹುದು? ಮುಂದಿನ ಮಹಾಸಭೆಯ ಮುಂದೆ ಮೂರು ಸಲಹೆಗಳನ್ನು ಇಡುತ್ತಿದ್ದೇನೆ. ಒಂದು, ಸದಸ್ಯರ ಜೀಪುಗಳಿಗೆ ಒಂದು ದಾಖಲೆ ಪುಸ್ತಕ: ಹಲ್ಲಿನ ಅನುಪಾತ, ಟಯರು ಒಂದು ಸುತ್ತಿಗೆ ಹೋಗುವ ದೂರ, ಬ್ರೇಕ್ ನೋಡಿದ ದಿನ. ಎರಡು, ಕ್ರೌನ್ ಪಿನಿಯನ್ನು ಬೇಕಾದವರೆಲ್ಲರ ಪಟ್ಟಿ ಮಾಡಿ, ಮುಂದಿನದು ಹಿಂದಿನದು ಜೋಡಿಯಾಗಿ ಒಟ್ಟಿಗೆ ಖರೀದಿ. ಮೂರು, ಸಂಘದ ವತಿಯಿಂದ ಒಂದು ಡಯಲ್ ಗೇಜು ಮತ್ತು ಟಾರ್ಕ್ ಪಾನಾ. ಬೇಕಾದ ಸದಸ್ಯರು ತಮ್ಮ ಮೆಕ್ಯಾನಿಕನಿಗೆ ಒಯ್ದು ಕೊಡಬಹುದು. ಗೊಬ್ಬರ, ಸ್ಪ್ರೇ ಪಂಪುಗಳನ್ನು ಒಟ್ಟಾಗಿ ಕೊಳ್ಳುವ ನಮಗೆ ಇದು ಹೊರೆಯಾಗದು. ಬ್ರೇಕಿನ ಬಗ್ಗೆ ದಾಖಲೆಯಿಲ್ಲದ ಜೀಪಿನಲ್ಲಿ ಆಳುಗಳನ್ನು ಕೂರಿಸಿ ಗುಡ್ಡ ಇಳಿಸುವುದಿಲ್ಲ ಎಂಬ ಕಟ್ಟುಪಾಡನ್ನೂ ನಾವೇ ಮಾಡಿಕೊಂಡರೆ ಇನ್ನೂ ಒಳ್ಳೆಯದು. ಬೇರೆಯವರು ಹೇಳಿಸಿಕೊಂಡು ಮಾಡುವುದರಲ್ಲಿ ಮರ್ಯಾದೆಯಿಲ್ಲ.

ಸದಸ್ಯರು ತಂತಮ್ಮ ಜೀಪಿನ ಲೆಕ್ಕವನ್ನೂ, ಈ ಸಲಹೆಗಳ ಬಗೆಗಿನ ಅಭಿಪ್ರಾಯವನ್ನೂ ಮಹಾಸಭೆಗೆ ಮುಂಚೆ ಕಚೇರಿಗೆ ಬರೆದು ತಿಳಿಸಬೇಕಾಗಿ ವಿನಂತಿ. ವಿರೋಧವಿದ್ದರೂ ಬರೆಯಿರಿ, ಅಂಕಿ ಸಮೇತ ಬರೆಯಿರಿ.

— ಕಾರ್ಯದರ್ಶಿ